ಒಂದು ಪಾಳಿ, ನಾಲ್ಕೂವರೆ ಕೋಟಿ ಕಣ

ಕತಾರ್‌ನ ದೋಹಾದ ದಕ್ಷಿಣಕ್ಕಿರುವ ಅಲ್ ವುಕೈರ್‌ನಲ್ಲಿ ಬರ್ವಾ ಮದೀನತ್ನಾ ಎಂಬ ಒಂದೇ ಬಡಾವಣೆಯಲ್ಲಿ 6,780 ಫ್ಲ್ಯಾಟ್‌ಗಳಿವೆ. ಒಂದು ತಾಲ್ಲೂಕು ಕೇಂದ್ರವನ್ನೇ ಎತ್ತಿ ತಂದು ಕೂರಿಸಬಹುದು! ಇಂಥ ಊರು ಕಟ್ಟಲು ಎಲ್ಲಿ ಕಾಂಕ್ರೀಟು, ಕಲ್ಲು ಕೊಯ್ದರೂ ಸಿಲಿಕಾ ದೂಳು ಏಳುತ್ತದೆ. ಎದೆಗೆ ಇಳಿಯುವ ಕಣ ಎಷ್ಟು ಸಣ್ಣದೆಂದರೆ, 2 ಮೈಕ್ರೋಮೀಟರಿನ 35 ಕಣ ಸಾಲಿಟ್ಟರೆ ಒಂದು ತಲೆಗೂದಲಿನ ದಪ್ಪ.

ಒಂದು ಘನಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ಸಿಲಿಕಾ ಇರಬಹುದು ಎನ್ನುತ್ತದೆ ಅಮೆರಿಕದ ಕಾನೂನು. ಎಂಟು ಗಂಟೆಯ ಪಾಳಿಯಲ್ಲಿ ದುಡಿಯುವವನು ಎಳೆದುಕೊಳ್ಳುವ ಗಾಳಿ ಸುಮಾರು 10 ಘನಮೀಟರ್. ಅಲ್ಲಿಗೆ ಅರ್ಧ ಮಿಲಿಗ್ರಾಂ, ಅಕ್ಕಿಕಾಳಿನ ನಲವತ್ತನೇ ಒಂದು ಪಾಲು. ಇಷ್ಟೇ ತಾನೇ? ಎಲ್ಲವೂ 2 ಮೈಕ್ರೋಮೀಟರಿನವೇ ಎಂದುಕೊಂಡರೆ 4.5 ಕೋಟಿ ಕಣ! ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸಿದರೂ ಮುಗಿಯಲು 17 ತಿಂಗಳು ಬೇಕು. ಇದು ಕಾನೂನು ಮೀರದ ದಿನದ ಲೆಕ್ಕ.

ಈಗ ನಮ್ಮ ಕೋಲಾರದ ಚಿನ್ನದ ಗಣಿ ಕೆಜಿಎಫ್‌ಗೆ ಬನ್ನಿ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್, ಮೂರು ಬುರ್ಜ್ ಖಲೀಫಾಗಳನ್ನು ಒಂದರ ತಲೆಯ ಮೇಲೊಂದು ಇಳಿಸಿದರೂ 700 ಮೀಟರ್ ಖಾಲಿ! ನೂರಿಪ್ಪತ್ತು ವರ್ಷದಲ್ಲಿ ಇಡೀ ಕೆಜಿಎಫ್‌ನಿಂದ ಬಂದ ಸುಮಾರು 800 ಟನ್ ಚಿನ್ನವನ್ನು ಮೂರೂವರೆ ಮೀಟರ್ ಉದ್ದಗಲ, ಎತ್ತರದ ಒಂದು ಕೋಣೆಯಲ್ಲಿ ತುಂಬಿಡಬಹುದು. ದೂಳನ್ನು ತುಂಬಿಕೊಂಡದ್ದು ಎದೆಗೂಡುಗಳು. 1940ರ ದಶಕದಲ್ಲಿ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಮೂರು ಸಾವಿರಕ್ಕೂ ಮಿಕ್ಕಿ ಜನರಲ್ಲಿ ಸಿಲಿಕೋಸಿಸ್, ಅಂದರೆ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಕಂಡಿತ್ತು.

ಈ ಎದೆಗೆ ಕ್ಷಯ ಬಂದರೆ? ಸಿಲಿಕೋಸಿಸ್ ಇದ್ದವರಿಗೆ ಟಿಬಿ ಅಪಾಯ ಸುಮಾರು ನಾಲ್ಕು ಪಟ್ಟು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಸಿಲಿಕೋಸಿಸ್‌ನಿಂದ ಮೂರು ಪಟ್ಟು, ಎಚ್‌ಐವಿಯಿಂದ ಐದು ಪಟ್ಟು. ಎರಡೂ ಸೇರಿದರೆ ಎಂಟಲ್ಲ, ಹದಿನೈದು! ಕ್ಷಯದ ಬ್ಯಾಕ್ಟೀರಿಯಾಕ್ಕೆ ಅವಸರವಿಲ್ಲ, ಎರಡಾಗಲು 20 ಗಂಟೆ ಹಿಡಿಯುತ್ತದೆ. ಆದರೂ ಒಂದೂ ಸಾಯದೆ ಹೋದರೆ, 25 ದಿನದಲ್ಲಿ ಒಂದು ಹೋಗಿ 107 ಕೋಟಿ.

ಕತಾರ್‌ಗೆ ದುಡಿಯಲು ಹೋಗುವವರ ಎದೆಯನ್ನು ಮೊದಲೇ ಎಕ್ಸ್‌ರೇ ತೆಗೆದು ನೋಡುತ್ತಾರೆ. ಆದರೆ ಸಿಲಿಕೋಸಿಸ್ ಕಾಣುವುದು ಸಾಮಾನ್ಯವಾಗಿ ಹತ್ತು ವರ್ಷ ದೂಳು ಕುಡಿದ ಮೇಲೆ!

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ಬಂತು, ಮೂರು ಸೆಕೆಂಡಿಗೊಬ್ಬರಂತೆ. ಗಣಿದೂಳಿನ ಪಾಲಿಗೆ ಹಣದ ಲೆಕ್ಕವೂ ಇದೆ: ಸಿಲಿಕೋಸಿಸ್, ಟಿಬಿ ತಗುಲಿದ ಗಣಿ ಕಾರ್ಮಿಕರಿಗಾಗಿ ದಕ್ಷಿಣ ಆಫ್ರಿಕಾದ ಕಂಪನಿಗಳು 2018ರಲ್ಲಿ ಒಪ್ಪಿದ ಪರಿಹಾರ ಸುಮಾರು 500 ಕೋಟಿ ರ‍್ಯಾಂಡ್. 1965ರಲ್ಲಿ ಗಣಿಗೆ ಇಳಿದವರ ಎದೆಯೂ ಅದರಲ್ಲಿ ಸೇರಿದೆ.