ಮಾರಿಕುಪ್ಪಂ ರೈಲಿನ ಹುಡುಗಿ ಕಾದಂಬರಿಗೆ ಬಂದಳಾ?

ಕೆಜಿಎಫ್ ಅಂದ್ರೆ ಈಗ ದೇಶಕ್ಕೆಲ್ಲ ಒಬ್ಬ ಸಿನಿಮಾ ಹೀರೋ ನೆನಪಾಗ್ತಾನೆ. ನನಗೆ ನೆನಪಾಗೋದು ಮೈಸೂರು ಮೈನ್ಸ್ ಕಡೆಯ ಹೆಣ್ಣುಮಕ್ಕಳು. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಬಿಡ್ತಿರಲಿಲ್ಲ. ಇಳಿಯೋನು ಅಪ್ಪ, ಕಾಯೋಳು ಅಮ್ಮ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಎಷ್ಟೋ ಮನೆಗಳ ಹುಡುಗಿಯರು ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯೋಕೆ ಹೊರಟರು. ಅವರ ಕಥೆ ಎಲ್ಲಿ?

ಒಬ್ಬ ಹುಡುಗಿ ಬೆಳೆದು, ತಾನು ಯಾರು ಅಂತ ಕಂಡುಕೊಳ್ಳೋ ಕಾದಂಬರಿಗಳಿಗೆ ದೊಡ್ಡ ಪರಂಪರೆಯೇ ಇದೆ. 1847ರ 'ಜೇನ್ ಐರ್' ನೋಡಿ. ಅನಾಥೆ ಓದಿ, ಕೆಲಸ ಹಿಡಿದು, ಕೊನೆಗೆ ಸರಿಸಮಾನಳಾಗಿ ಮದುವೆಯಾಗ್ತಾಳೆ. ಅಲ್ಲಿ ಮದುವೆಗೆ ಕಥೆ ಮುಗಿಯುತ್ತೆ. ನಮ್ಮಲ್ಲಿ ಎಷ್ಟೋ ಸಲ ಮದುವೆಯಿಂದಲೇ ಕಥೆ ಶುರು. ಯಾಕೆ? ಹರೆಯ ಅನ್ನೋ ಬಿಡುವೇ ನಮ್ಮ ಹುಡುಗಿಗೆ ಸಿಕ್ಕಿರಲಿಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಆಟವಾಡೋ ವಯಸ್ಸಲ್ಲೇ ವಿಧವೆಯಾದ ಫಣಿಯಮ್ಮ ತನಗಾಗಿ ಬಾಯಿ ಬಿಡಲಿಲ್ಲ. ಆದ್ರೆ ದಾಕ್ಷಾಯಿಣಿ ಅನ್ನೋ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲ್ಲ ಅಂದಾಗ ಅವಳ ಪರ ನಿಂತರು. ಅದೇ ಅವರು ಬೆಳೆದ ಗಳಿಗೆ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯ ಮನಸ್ಸು ವಾಸಿಯಾಗುತ್ತೆ, ಸುತ್ತಲಿನವರ ಅನುಮಾನ ವಾಸಿಯಾಗಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ನಾದಿರಾಗೆ ಗಂಡನೂ ಮಗುವೂ ಬೇಕು. ಅವಳ ಬದುಕನ್ನು ನಿರ್ಧರಿಸೋರು ಮಾತ್ರ ಅಪ್ಪ, ತಲಾಖ್, ಊರು. ಅವಳು ಸಾವನ್ನೇ ಆರಿಸಿಕೊಳ್ತಾಳೆ.

ನಾನು ಎಂಜಿನಿಯರಿಂಗ್ ಓದಿದವನು. ಯಂತ್ರ ಕೆಟ್ಟರೆ ಒಂದೇ ಭಾಗವನ್ನು ದೂರಬೇಡಿ, ಇಡೀ ವ್ಯವಸ್ಥೆ ನೋಡಿ ಅಂತ ಅಲ್ಲಿ ಕಲಿಸ್ತಾರೆ. ಈ ಲೇಖಕಿಯರು ಮಾಡಿದ್ದೂ ಅದನ್ನೇ. 'ಇವಳಲ್ಲೇ ಏನೋ ದೋಷ' ಅಂದವರಿಗೆ ಮನೆಯ ಕಟ್ಟಳೆಯನ್ನೇ ಬಿಚ್ಚಿ ತೋರಿಸಿದರು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ, ಈ ಮನೆಯೊಳಗಿನ ಮಾತು ಜಗತ್ತಿಗೇ ಕೇಳಿಸಿತು.

ಈಗ ರೈಲಿನ ಹುಡುಗಿಗೆ ಬರೋಣ. ಅವಳ ಕೈಯಲ್ಲಿ ಸಂಬಳ ಇದೆ. ಫಣಿಯಮ್ಮನಿಗೆ, ನಾದಿರಾಗೆ ಅದಿರಲಿಲ್ಲ. ಆದ್ರೆ ಆ ದುಡ್ಡು ತಮ್ಮನ ಫೀಸಿಗಾ, ತನ್ನ ಓದಿಗಾ, ಮದುವೆ ಸಾಲಕ್ಕಾ ಅಂತ ಹೇಳೋರು ಯಾರು? ದುಡಿಮೆ ಬಂತು, ನಿರ್ಧಾರ ಬಂತಾ? ನಾನು ಓದಬೇಕಾದ ಮುಂದಿನ ಕಾದಂಬರಿ ಇದೇ. ಅದನ್ನ ನಾನು ಬರೆಯೋಕಾಗಲ್ಲ. ಬೆಳಗಿನ ಆ ರೈಲಲ್ಲಿ ಕಿಟಕಿ ಪಕ್ಕ ಕೂತವಳೇ ಬರೀಬೇಕು.