ಅವ್ವನ ಪಕ್ಕ ಕುಂತು ನೋಡುವ ಸಿನಿಮಾ

ಪರದೆಯ ಮೇಲೆ ಕಥೆ ನೋಡುವುದು ಕೊಪ್ಪಳ ಸೀಮೆಯ ಅವ್ವಂದಿರಿಗೆ ಸಿನಿಮಾ ಕಲಿಸಿದ ರೂಢಿಯಲ್ಲ. ತೆಳ್ಳಗೆ ಹದ ಮಾಡಿ, ಕೊರೆದು, ಬಣ್ಣ ತುಂಬಿದ ತೊಗಲಿನ ಸೀತೆ, ದ್ರೌಪದಿಯರು ಬಿಳಿ ಪರದೆಯ ಹಿಂದಿನ ದೀಪದ ಬೆಳಕಿನಲ್ಲಿ ಊರೂರಿಗೆ ಬಂದು ಮಾತಾಡಿ ಹೋಗಿದ್ದಾರೆ. ಆ ತೊಗಲುಗೊಂಬೆ ಆಡಿಸುತ್ತಲೇ ಬಾಳಿದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಇಂಥ ಜಿಲ್ಲೆಯಲ್ಲಿದ್ದುಕೊಂಡು ‘ಅವ್ವಗ ಧಾರಾವಾಹಿ ಸಾಕು, ಆರ್ಟ್ ಸಿನಿಮಾ ಎಲ್ಲಿ ತಿಳೀತದ’ ಎನ್ನುವ ಮಕ್ಕಳ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ತಾವರಗೇರಾದಂಥ ಊರಿಗೆ ಅಂಥ ಚಿತ್ರ ಬರುವುದೇ ಅಪರೂಪವಿತ್ತು. ಈಗ ಮೊಬೈಲಿನಲ್ಲಿ ಹುಡುಕಿ ಟಿವಿಗೆ ಹಾಕಿಕೊಡುವುದಷ್ಟೇ ನಮ್ಮ ಕೆಲಸ.

ಬಿ. ಸರೋಜಾದೇವಿಯ ‘ಕಿತ್ತೂರು ಚೆನ್ನಮ್ಮ’ (1961) ಮೊಮ್ಮಕ್ಕಳನ್ನೂ ಕೂರಿಸಿಕೊಂಡು ನೋಡಬಹುದಾದ ಚಿತ್ರ. ಆದರೆ ಅವ್ವ ಬಾಯಿ ಬಿಡುವುದು ರಾಣಿಯನ್ನು ಕಂಡಾಗಲ್ಲ, ತನ್ನಂಥವಳನ್ನು ಕಂಡಾಗ.

ಅದಕ್ಕೇ ನಾನು ಮೊದಲು ಹೇಳುವ ಹೆಸರು ‘ಹಸೀನಾ’. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಗಿರೀಶ ಕಾಸರವಳ್ಳಿ 2004ರಲ್ಲಿ ಮಾಡಿದ ಚಿತ್ರ. ಬರೀ ಹೆಣ್ಣು ಹೆತ್ತಳೆಂದು ಆಟೊ ಓಡಿಸುವ ಗಂಡ ಬಿಟ್ಟುಹೋಗುತ್ತಾನೆ. ಹಸೀನಾ ಮಸೀದಿಯ ಮೇಲ್ವಿಚಾರಕ ಮುತವಲ್ಲಿಗೆ ಅರ್ಜಿ ಕೊಡುತ್ತಾಳೆ, ಅಲೆಯುತ್ತಾಳೆ, ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯಲ್ಲೇ ಕೂತುಬಿಡುತ್ತಾಳೆ. ನಟಿ ತಾರಾಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಇದು. ಹಸೀನಾ ಮಸೀದಿಯಲ್ಲಿ ಕೂರುವ ಜಾಗಕ್ಕೆ ಬಂದಾಗ ನಮ್ಮವ್ವ ಟಿವಿಯತ್ತ ಬಾಗಿ, ‘ಎದ್ದು ಬರಬ್ಯಾಡ ತಂಗಿ, ಅಲ್ಲೇ ಕುಂಡ್ರು’ ಅಂದಳು. ಹಿಂದೆಯೇ ತನ್ನ ತವರೂರಲ್ಲಿ ಪಂಚರ ಕಟ್ಟೆಯ ಮುಂದೆ ಹೀಗೇ ಹಟ ಹಿಡಿದು ಕುಂತ ಒಬ್ಬಾಕೆಯ ಕಥೆ ತೆಗೆದಳು. ನಾನದನ್ನು ಎಂದೂ ಕೇಳಿರಲಿಲ್ಲ. ಇಂಥ ಹೊತ್ತಲ್ಲಿ ಸಿನಿಮಾ ನಿಲ್ಲಿಸಬೇಕು, ಅವ್ವನನ್ನಲ್ಲ.

‘ಗೆಜ್ಜೆ ಪೂಜೆ’ (1969) ಹಾಕಲು ಧೈರ್ಯ ಬೇಕು. ಅದು ತೋರಿಸುವ ದೇವದಾಸಿ ಪದ್ಧತಿಯ ಗಾಯ ನಮ್ಮ ಭಾಗದಲ್ಲಿ ಇನ್ನೂ ಪೂರ್ತಿ ಮಾಗಿಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಮದುವೆಯಾಗಿ ಮರ್ಯಾದೆಯಿಂದ ಬಾಳಬೇಕೆನ್ನುವ ಚಂದ್ರಾ ಆಗಿ ಕಲ್ಪನಾ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ ಕಾನೂನು ಮಾಡಿದ್ದು 1982ರಲ್ಲಿ, ಅಂದರೆ ಸಿನಿಮಾ ಬಂದು 13 ವರ್ಷದ ಮೇಲೆ. ಕಾನೂನಿಗಿಂತ ಮೊದಲೇ ಮಾತಾಡಿದ ಚಿತ್ರವಾದರೂ ಅದರ ಕೊನೆ ನನಗೆ ಒಪ್ಪಿಗೆಯಿಲ್ಲ. ಅಷ್ಟು ಗಟ್ಟಿ ಹುಡುಗಿಯನ್ನು ಸಾಯಿಸದೆಯೂ ಕಥೆ ಮುಗಿಸಬಹುದಿತ್ತು. ಈ ಮಾತಿಗೆ ಅವ್ವ ಜಗಳಕ್ಕೆ ಬಂದರೆ ಬರಲಿ.

ಜಯಮಾಲಾ ತಾವೇ ನಿರ್ಮಿಸಿ ನಟಿಸಿದ ‘ತಾಯಿ ಸಾಹೇಬ’ (1997) ಸ್ವರ್ಣಕಮಲ ಪಡೆದ ಚಿತ್ರ. ನಿಧಾನದ್ದು, ಊಟ ಮುಗಿಸಿ ನಿರಾಳವಾಗಿ ಕೂತು ನೋಡಿ. ಉಮಾಶ್ರೀಯ ‘ಗುಲಾಬಿ ಟಾಕೀಸ್’ನ ಕುಂದಾಪುರ ಕನ್ನಡಕ್ಕೆ ನಮ್ಮ ಕಡೆಯ ಕಿವಿ ಹೊಂದಲು ತುಸು ಹೊತ್ತು ಬೇಕು. ಆದರೆ ಸೂಲಗಿತ್ತಿ ಗುಲಾಬಿಯ ಸಿನಿಮಾ ಹುಚ್ಚನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣೀರು ಸಾಕೆನಿಸಿದ ದಿನಕ್ಕೆ ‘ಹೆಬ್ಬೆಟ್ ರಾಮಕ್ಕ’ ಇದೆ. ಮತ್ತೆ ತಾರಾ, ಓದು ಬಾರದ ಹೆಂಗಸು ಮೀಸಲಾತಿಯಿಂದ ಅಧಿಕಾರಕ್ಕೆ ಬರುವ ಕಥೆ. ಸಹಿ ಹೆಂಡತಿಯದು, ದರ್ಬಾರು ಗಂಡನದು ಎಂಬುದನ್ನು ಯಾವ ಊರಿನವರು ಕಂಡಿಲ್ಲ? ನೋಡುತ್ತಲೇ ಅವ್ವನನ್ನು ಕೇಳಿ: ಇಷ್ಟು ವರ್ಷ ಓಟು ಹಾಕಿದ್ದು ನೀ ಮೆಚ್ಚಿದವರಿಗೋ, ಅಪ್ಪ ಹೇಳಿದವರಿಗೋ?