ಔಷಧದ ಹೊದಿಕೆಯ ಮೇಲಣ ಬರಹ

ಹೋದ ಮಾಗಿಯಲ್ಲಿ ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳುತ್ತೇನೆ. ನಮ್ಮ ಅಕ್ಕನಿಗೆ ಎಪ್ಪತ್ತು ದಾಟಿದ ವಯಸ್ಸು. ರಕ್ತದೊತ್ತಡಕ್ಕೊಂದು, ಸಕ್ಕರೆ ಕಾಯಿಲೆಗೊಂದು, ಹೀಗೆ ಎರಡು ಬಗೆಯ ಗುಳಿಗೆಗಳನ್ನು ನಿತ್ಯವೂ ಸೇವಿಸುವವಳು. ನಾನು ಚಾಮರಾಜನಗರಕ್ಕೆ ಹೋಗಿದ್ದಾಗ ಅಲ್ಲಿಯ ಅಂಗಡಿಯೊಂದರಲ್ಲಿ, ಎರಡು ಪಟ್ಟಿಗಳಿಂದಲೂ ಐದೈದು ಗುಳಿಗೆಗಳನ್ನು ಕತ್ತರಿಸಿಕೊಡುವಂತೆ ಕೇಳಿ ತಂದು, ಒಂದೇ ಡಬ್ಬಿಯಲ್ಲಿ ಹಾಕಿಟ್ಟೆನು. ಎರಡೂ ಬಿಳಿಯವು, ಎರಡೂ ದುಂಡಗಿನವು. ತುಂಡುಗಳ ಮೇಲೆ ಹೆಸರಿನ ಅರೆಬರೆ ಅಕ್ಷರಗಳು ಮಾತ್ರ ಉಳಿದಿದ್ದವು. ಒಂದು ರಾತ್ರಿ ಅಕ್ಕ ಒತ್ತಡದ ಗುಳಿಗೆಯೆಂದು ಭಾವಿಸಿ ಸಕ್ಕರೆಯದನ್ನೇ ಮತ್ತೊಮ್ಮೆ ನುಂಗಿದಳು. ಬೆಳಗಿನ ಜಾವದಲ್ಲಿ ಮೈಯೆಲ್ಲ ಬೆವರು, ಕೈನಡುಕ, ತೊದಲು ಮಾತು. ಎಚ್ಚರವಿದ್ದುದರಿಂದ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದೆವು. “ಯಾವ ಗುಳಿಗೆ? ಎಷ್ಟು ಮಿಲಿಗ್ರಾಂ?” ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಮೂವತ್ತು ವರ್ಷ ಹುಡುಗರಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ ನನ್ನಲ್ಲಿ ಉತ್ತರವಿರಲಿಲ್ಲ. ದೈವಕೃಪೆಯಿಂದ ಅಕ್ಕ ಉಳಿದಳು.

ಔಷಧದ ಹೊದಿಕೆಯ ಮೇಲೆ ಏನೇನು ಬರೆದಿರಬೇಕೆಂಬುದನ್ನು 1940ರ ಕಾಯಿದೆಯೂ 1945ರ ನಿಯಮಗಳೂ ವಿಧಿಸಿವೆ. ಔಷಧದ ನಾಮ, ಪ್ರಮಾಣ, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇವು ಅದರಲ್ಲಿ ಮುಖ್ಯವಾದವು. ತಿಂಗಳು, ವರ್ಷಗಳನ್ನು ಮಾತ್ರ ಮುದ್ರಿಸಿದ್ದರೆ ಆ ತಿಂಗಳ ಕಡೆಯ ದಿನದವರೆಗೂ ಅವಧಿಯುಂಟೆಂದು ತಿಳಿಯಬೇಕು. ಆದರೆ ಗುಳಿಗೆಯ ಪಟ್ಟಿಯಲ್ಲಿ ಈ ದಿನಾಂಕವು ಬಹುಮಟ್ಟಿಗೆ ಒಂದೇ ಕೊನೆಯಲ್ಲಿರುತ್ತದೆ. ಅದನ್ನು ಬಿಟ್ಟು ಕತ್ತರಿಸಿ ತಂದ ಗುಳಿಗೆಗೆ ಹೆಸರೂ ಇಲ್ಲ, ಆಯುಷ್ಯದ ಲೆಕ್ಕವೂ ಇಲ್ಲ. ಆದುದರಿಂದ ಸಾಧ್ಯವಾದರೆ ಇಡೀ ಪಟ್ಟಿಯನ್ನೇ ಕೊಳ್ಳಬೇಕು. ಇಲ್ಲವಾದರೆ ಹೆಸರನ್ನೂ ದಿನಾಂಕವನ್ನೂ ರಸೀತಿಯ ಮೇಲೆ ಬರೆಸಿಕೊಳ್ಳಬೇಕು. ಅಂಗಡಿಯವರು ಬೇಸರಪಟ್ಟರೆ ಪಡಲಿ.

ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದ ಔಷಧವೆಂದರ್ಥ.

ಇನ್ನೊಂದು ಸೂಕ್ಷ್ಮವುಂಟು. ಮುದ್ರಿಸಿದ ಅವಧಿಯು ಮುಚ್ಚಳ ತೆರೆಯದೆ, ಹೇಳಿದ ತಂಪಿನಲ್ಲಿಟ್ಟ ಔಷಧಕ್ಕೆ ಸಲ್ಲುವುದು. ಕಣ್ಣಿನ ಹನಿಯ ಸೀಸೆಯನ್ನು ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳಿಗೆ ಬಿಸುಡಬೇಕು. ಪುಡಿಗೆ ನೀರು ಬೆರೆಸಿ ಮಕ್ಕಳಿಗೆ ಕುಡಿಸುವ ಔಷಧದ ಆಯುಷ್ಯ ಕೆಲವು ದಿನಗಳದು ಮಾತ್ರ. ಎಷ್ಟು ದಿನವೆಂಬುದು ಸೀಸೆಯ ಮೇಲೆಯೇ ಇರುತ್ತದೆ. ತೆರೆಯದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿಯ ತಂಪು ಬೇಕು, ಆದರೆ ಅದು ಹೆಪ್ಪುಗಟ್ಟಬಾರದು. ಒಲೆಯ ಮೇಲಣ ಗೂಡು ಯಾವ ಔಷಧಕ್ಕೂ ತಕ್ಕ ಜಾಗವಲ್ಲ.

“ಔಷಧ ಹಳೆಯದಾದಷ್ಟೂ ಗುಣ ಹೆಚ್ಚು” ಎಂದು ವಾದಿಸುವ ಹಿರಿಯರು ನಮ್ಮಲ್ಲುಂಟು. ಅವರು ಶಾರ್ಙ್ಗಧರ ಸಂಹಿತೆಯನ್ನು ನೋಡಿದ್ದರೆ ಹಾಗೆನ್ನುತ್ತಿರಲಿಲ್ಲ. ಚೂರ್ಣವು ಎರಡು ತಿಂಗಳಲ್ಲಿ ವೀರ್ಯಹೀನವಾಗುವುದೆಂದು ಆ ಗ್ರಂಥವು ಹೇಳುತ್ತದೆ. ಹಳೆಯದಾದಂತೆ ಗುಣ ಹೆಚ್ಚುವುದು ಆಸವಾದಿಗಳಿಗೆ ಮಾತ್ರ. ಇಂದಿನ ಕಾಯಿದೆಯು ಆಯುರ್ವೇದದ ಔಷಧಗಳಿಗೂ ಅವಧಿಯನ್ನು ನಿಗದಿ ಮಾಡಿದೆ.

ಅಕ್ಕನ ಗುಳಿಗೆಗಳು ಈಗ ಎರಡು ಬೇರೆ ಡಬ್ಬಿಗಳಲ್ಲಿ, ತಮ್ಮ ತಮ್ಮ ಪೂರ್ಣ ಪಟ್ಟಿಗಳಲ್ಲಿಯೇ ಇವೆ. ಡಬ್ಬಿಗಳ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ “ಒತ್ತಡ”, “ಸಕ್ಕರೆ” ಎಂದು ಬರೆದು ಅಂಟಿಸಿದ್ದೇನೆ. ಕನ್ನಡಕವಿಲ್ಲದೆಯೂ ಓದಬಲ್ಲೆನೆಂದು ಆಕೆ ಹೇಳುತ್ತಾಳೆ.